ಬೀದಿಗೆ ಬಾಗಿಲಿಲ್ಲದ ದೇವಾಲಯಗಳು
(ಡಚ್ ಗಣರಾಜ್ಯದಲ್ಲಿ ಕಥೋಲಿಕರ ಬಾಳು: ಒಂದು ಐತಿಹಾಸಿಕ ಅವಲೋಕನ)

ಧರ್ಮಕೇಂದ್ರವೊಂದು ನೂರು ವರ್ಷಗಳನ್ನು ಪೂರೈಸಿದಾಗ ನಾವು ಅದರ ಗೋಪುರವನ್ನು ನೆನೆಯುತ್ತೇವೆ, ಗಂಟೆಯ ನಾದವನ್ನು ನೆನೆಯುತ್ತೇವೆ, ಹಬ್ಬದ ದಿನ ಬೀದಿಯುದ್ದಕ್ಕೂ ಸಾಗಿದ ಮೆರವಣಿಗೆಗಳನ್ನು ನೆನೆಯುತ್ತೇವೆ. ಇವೆಲ್ಲವೂ ಕ್ರೈಸ್ತ ಬಾಳಿಗೆ ಸಹಜವಾಗಿ ಒದಗಿಬಂದ ಸೌಲಭ್ಯಗಳೆಂದು ನಾವು ಭಾವಿಸುವುದುಂಟು. ಆದರೆ ಧರ್ಮಸಭೆಯ ಚರಿತ್ರೆಯನ್ನು ತಿರುವಿ ನೋಡಿದರೆ, ಗೋಪುರವಿಲ್ಲದ, ಗಂಟೆಯಿಲ್ಲದ, ಬೀದಿಗೆ ಬಾಗಿಲೇ ಇಲ್ಲದ ದೇವಾಲಯಗಳಲ್ಲಿ ಇನ್ನೂರು ವರ್ಷಗಳಿಗೂ ಮಿಕ್ಕಿ ಬಲಿಪೂಜೆಯನ್ನರ್ಪಿಸಿದ ಜನರ ಕಥೆ ನಮಗೆ ಕಾಣಸಿಗುತ್ತದೆ. ಅದು ಹಾಲೆಂಡ್ ಎಂದು ನಾವು ರೂಢಿಯಲ್ಲಿ ಕರೆಯುವ ನೆದರ್‌ಲೆಂಡ್ಸ್ ದೇಶದ ಕಥೋಲಿಕರ ಕಥೆ. ಪ್ರಾಟೆಸ್ಟೆಂಟ್ ಸಮಾಜವೊಂದರಲ್ಲಿ ಧಾರ್ಮಿಕ ಸಹಿಷ್ಣುತೆ ಮತ್ತು ಕಥೋಲಿಕರ ಮೇಲಿನ ಸಂಶಯ ಇವೆರಡೂ ಒಂದೇ ಬೀದಿಯಲ್ಲಿ, ಒಂದೇ ಕಾಲದಲ್ಲಿ ಹೇಗೆ ಬಾಳಿದುವೆಂಬುದನ್ನು ಅರಿಯಲು ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು. ನಮ್ಮ ಕನ್ನಡ ಕರಾವಳಿಗೂ ಈ ಕಥೆಗೂ ಒಂದು ನಂಟಿದೆ. ಅದನ್ನು ಮುಂದೆ ನೋಡೋಣ.

ದಂಗೆ ಮತ್ತು ರಕ್ತ

ಹದಿನಾರನೆಯ ಶತಮಾನದಲ್ಲಿ ನೆದರ್‌ಲೆಂಡ್ಸ್ ನಾಡು ಸ್ಪೇನಿನ ಅರಸ ಎರಡನೆಯ ಫಿಲಿಪನ ಆಳ್ವಿಕೆಗೆ ಒಳಪಟ್ಟಿತ್ತು. ಕ್ಯಾಲ್ವಿನನ ಬೋಧನೆ ಆ ನಾಡಿನ ಪಟ್ಟಣಗಳಲ್ಲಿ ವೇಗವಾಗಿ ಹರಡುತ್ತಿತ್ತು. 1566ರಲ್ಲಿ ಉದ್ರಿಕ್ತ ಗುಂಪುಗಳು ದೇವಾಲಯಗಳಿಗೆ ನುಗ್ಗಿ ಪ್ರತಿಮೆಗಳನ್ನೂ ಬಲಿಪೀಠಗಳನ್ನೂ ಒಡೆದುಹಾಕಿದುವು. ಇದಕ್ಕೆ ಉತ್ತರವಾಗಿ ಫಿಲಿಪನು 1567ರಲ್ಲಿ ಆಲ್ಬಾದ ಡ್ಯೂಕನನ್ನು ಸೈನ್ಯದೊಡನೆ ಕಳುಹಿಸಿದನು. ಅವನು ಸ್ಥಾಪಿಸಿದ ವಿಶೇಷ ನ್ಯಾಯಮಂಡಲಿಯು ಸಾವಿರಕ್ಕೂ ಹೆಚ್ಚು ಮಂದಿಯನ್ನು ಮರಣಕ್ಕೆ ಗುರಿಪಡಿಸಿತು. ಈ ಸಂಗತಿಯನ್ನು ಕಥೋಲಿಕರಾದ ನಾವು ಮರೆಮಾಡಬೇಕಾಗಿಲ್ಲ. ಡಚ್ ಪ್ರಾಟೆಸ್ಟೆಂಟರ ಮನಸ್ಸಿನಲ್ಲಿ ಕಥೋಲಿಕ ಎಂಬ ಪದದ ಜೊತೆಗೆ ಸ್ಪೇನಿನ ಸೈನಿಕನ ಚಿತ್ರವೂ ಅಚ್ಚೊತ್ತಿ ನಿಂತುದಕ್ಕೆ ಮೂಲ ಇಲ್ಲಿದೆ.

ಆಲ್ಬಾನ ಕ್ರೌರ್ಯವನ್ನು ವಿರೋಧಿಸಿದವರಲ್ಲಿ ಕಥೋಲಿಕರೂ ಬಹಳ ಮಂದಿ ಇದ್ದರು. ದಂಗೆಯ ನಾಯಕನಾದ ಆರೆಂಜಿನ ವಿಲಿಯಂ ರಾಜಕುಮಾರನು ಎರಡೂ ಪಂಗಡಗಳು ಜೊತೆಗೂಡಿ ಬಾಳಬೇಕೆಂದು ಬಯಸಿದವನು. ಆದರೆ ಯುದ್ಧವು ಅಂಥ ಬಯಕೆಗಳಿಗೆ ಕಿವಿಗೊಡುವುದಿಲ್ಲ. 1572ರ ಏಪ್ರಿಲಿನಲ್ಲಿ ದಂಗೆಕೋರ ನಾವಿಕರು ಬ್ರಿಲ್ ಪಟ್ಟಣವನ್ನು ವಶಪಡಿಸಿಕೊಂಡರು. ಅದೇ ವರ್ಷ ಜುಲೈ 9ರಂದು, ಗೋರ್ಕಮ್ ಪಟ್ಟಣದಲ್ಲಿ ಸೆರೆಹಿಡಿದಿದ್ದ ಗುರುಗಳನ್ನೂ ಸನ್ಯಾಸಿಗಳನ್ನೂ ಬ್ರಿಲ್‌ಗೆ ತಂದು, ಒಂದು ಕೊಟ್ಟಿಗೆಯಲ್ಲಿ ಹತ್ತೊಂಬತ್ತು ಮಂದಿಯನ್ನು ನೇಣಿಗೇರಿಸಿದರು. ಪರಮಪ್ರಸಾದದಲ್ಲಿ ಪ್ರಭುಕ್ರಿಸ್ತರ ನಿಜ ಇರವನ್ನೂ ಜಗದ್ಗುರುಗಳ ಪರಮಾಧಿಕಾರವನ್ನೂ ಅವರು ನಿರಾಕರಿಸಲೊಪ್ಪಲಿಲ್ಲ. ಧರ್ಮಗುರುಗಳಿಗೆ ಹಾನಿ ಮಾಡಕೂಡದೆಂದು ವಿಲಿಯಂ ಕಳುಹಿಸಿದ್ದ ಆಜ್ಞೆಯನ್ನು ದಂಡನಾಯಕ ಲ್ಯೂಮೆ ಲೆಕ್ಕಿಸಲಿಲ್ಲ. ಗೋರ್ಕಮಿನ ಈ ರಕ್ತಸಾಕ್ಷಿಗಳಿಗೆ ಒಂಬತ್ತನೆಯ ಪಿಯೂಸ್ ಜಗದ್ಗುರುಗಳು 1867ರಲ್ಲಿ ಸಂತಪದವಿಯನ್ನಿತ್ತರು.

1573ರಲ್ಲಿ ಹಾಲೆಂಡ್ ಪ್ರಾಂತದಲ್ಲಿ ಸಾರ್ವಜನಿಕ ಕಥೋಲಿಕ ಆರಾಧನೆ ನಿಷಿದ್ಧವಾಯಿತು. 1578ರ ಮೇ 26ರಂದು ಆಮ್‌ಸ್ಟರ್‌ಡ್ಯಾಮ್ ನಗರದ ಕಥೋಲಿಕ ಆಡಳಿತಗಾರರನ್ನೂ ಸನ್ಯಾಸಿಗಳನ್ನೂ ದೋಣಿಗಳಲ್ಲಿ ಕೂರಿಸಿ ಹೊರಗಟ್ಟಲಾಯಿತು. ರಕ್ತ ಹರಿಯಲಿಲ್ಲವೆಂಬುದೇ ಅಲ್ಲಿಯ ಸಮಾಧಾನ. ಆದರೆ ಅದಾದ ಮೂರನೆಯ ದಿನ, ಮೇ 29ರ ಪರಮಪ್ರಸಾದದ ಹಬ್ಬದಂದು, ಹಾರ್ಲೆಮ್ ನಗರದ ಪ್ರಧಾನಾಲಯಕ್ಕೆ ಸೈನಿಕರು ನುಗ್ಗಿ ಕೊಲೆ ಕೊಳ್ಳೆಗಳನ್ನು ನಡೆಸಿದರು. ಆ ನಗರದಲ್ಲಿ ಎರಡೂ ಪಂಗಡಗಳಿಗೆ ರಕ್ಷಣೆ ನೀಡುವುದಾಗಿ ಮಾಡಿಕೊಂಡಿದ್ದ ಒಡಂಬಡಿಕೆ ಹೀಗೆ ಮಣ್ಣುಪಾಲಾಯಿತು.

ಕಾನೂನಿನ ಎರಡು ಮುಖಗಳು

1579ರ ಜನವರಿ 23ರಂದು ಉತ್ತರದ ಪ್ರಾಂತಗಳು ಯುಟ್ರೆಕ್ಟಿನಲ್ಲಿ ಒಂದು ಒಕ್ಕೂಟದ ಕರಾರಿಗೆ ಸಹಿಹಾಕಿದುವು. ಅದರ ಹದಿಮೂರನೆಯ ವಿಧಿಯು ಪ್ರತಿಯೊಬ್ಬನೂ ತನ್ನ ಧರ್ಮದಲ್ಲಿ ಸ್ವತಂತ್ರನಾಗಿರತಕ್ಕದ್ದು, ಧರ್ಮದ ಕಾರಣಕ್ಕಾಗಿ ಯಾರನ್ನೂ ವಿಚಾರಣೆಗೆ ಒಳಪಡಿಸಕೂಡದು ಎಂದು ಸಾರಿತು. ಆ ಕಾಲದ ಯೂರೋಪಿನಲ್ಲಿ ಇದೊಂದು ಅಪೂರ್ವವಾದ ಮಾತು. ಆದರೆ ಇದರ ಅರ್ಥವನ್ನು ಸೂಕ್ಷ್ಮವಾಗಿ ಗ್ರಹಿಸಬೇಕು. ಇಲ್ಲಿ ದೊರೆತುದು ಅಂತಃಸಾಕ್ಷಿಯ ಸ್ವಾತಂತ್ರ್ಯವೇ ಹೊರತು ಆರಾಧನೆಯ ಸ್ವಾತಂತ್ರ್ಯವಲ್ಲ. ಮನೆಯೊಳಗೆ ಏನನ್ನಾದರೂ ನಂಬಬಹುದು. ಬೀದಿಯಲ್ಲಿ ಆ ನಂಬಿಕೆಯ ಸುಳಿವು ಕಾಣಕೂಡದು.

ಐದು ವರ್ಷಗಳ ಬಳಿಕ ಒದಗಿದ ದುರಂತವೊಂದು ಕಥೋಲಿಕರ ಸ್ಥಿತಿಯನ್ನು ಮತ್ತಷ್ಟು ಬಿಗಡಾಯಿಸಿತು. ವಿಲಿಯಮನನ್ನು ಕೊಂದವರಿಗೆ ಬಹುಮಾನ ನೀಡುವುದಾಗಿ ಫಿಲಿಪನು 1580ರಲ್ಲಿ ಘೋಷಿಸಿದ್ದನು. 1584ರ ಜುಲೈ 10ರಂದು ಡೆಲ್ಫ್ಟ್ ಪಟ್ಟಣದಲ್ಲಿ ಬಾಲ್ಥಸಾರ್ ಗೆರಾರ್ಡ್ಸ್ ಎಂಬ ಕಥೋಲಿಕನು ವಿಲಿಯಮನನ್ನು ಗುಂಡಿಟ್ಟು ಕೊಂದನು. ಒಬ್ಬ ಮಾಡಿದ ಕೊಲೆಯ ಹೊರೆಯನ್ನು ಲಕ್ಷಾಂತರ ಮಂದಿ ತಲೆತಲಾಂತರ ಹೊರಬೇಕಾಯಿತು. ಕಥೋಲಿಕನು ಒಳ್ಳೆಯ ನೆರೆಯವನಾಗಿರಬಹುದು, ಆದರೆ ಅವನ ನಿಷ್ಠೆ ರೋಮಿಗೂ ಸ್ಪೇನಿಗೂ ಸಲ್ಲುತ್ತದೆ ಎಂಬ ಆರೋಪ ಸ್ಥಿರವಾಯಿತು.

ಗಣರಾಜ್ಯದ ಪ್ರಾಂತಗಳು ಕಥೋಲಿಕರ ವಿರುದ್ಧ ಮತ್ತೆ ಮತ್ತೆ ಕಟ್ಟಳೆಗಳನ್ನು ಹೊರಡಿಸಿದುವು. ಪೂಜೆ ಅರ್ಪಿಸಿದ ಗುರುವಿಗೆ, ಪೂಜೆಗೆ ಸ್ಥಳ ಕೊಟ್ಟ ಮನೆಯೊಡೆಯನಿಗೆ, ಪೂಜೆಯಲ್ಲಿ ಭಾಗವಹಿಸಿದ ಜನರಿಗೆ, ಎಲ್ಲರಿಗೂ ದಂಡ. ಸರ್ಕಾರಿ ಅಧಿಕಾರ ಸ್ಥಾನಗಳು ಕಥೋಲಿಕರಿಗೆ ಮುಚ್ಚಿದ್ದುವು. ಹಾಲೆಂಡ್ ಪ್ರಾಂತದಲ್ಲಿ ಮದುವೆಯು ಕಾನೂನಿನ ಮನ್ನಣೆ ಪಡೆಯಬೇಕಾದರೆ ಸುಧಾರಿತ ಸಭೆಯ ಪಾದ್ರಿಯ ಮುಂದೆ ಇಲ್ಲವೆ ನಗರಾಧಿಕಾರಿಗಳ ಮುಂದೆ ನಡೆಯಬೇಕಾಗಿತ್ತು. ಗುರುಗಳ ಮುಂದೆ ನಡೆದ ವಿವಾಹ ಸಂಸ್ಕಾರಕ್ಕೆ ನ್ಯಾಯಾಲಯದಲ್ಲಿ ಬೆಲೆಯಿರಲಿಲ್ಲ.

ಆದರೂ ಈ ಕಟ್ಟಳೆಗಳು ಪದೇ ಪದೇ ಹೊರಡಬೇಕಾಗಿ ಬಂದುದೇ ಅವು ಪೂರ್ಣವಾಗಿ ಜಾರಿಯಾಗಲಿಲ್ಲವೆಂಬುದಕ್ಕೆ ಸಾಕ್ಷಿ. ಹದಿನೇಳನೆಯ ಶತಮಾನದ ನಡುಭಾಗದಲ್ಲಿಯೂ ಗಣರಾಜ್ಯದ ಪ್ರಜೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಕಥೋಲಿಕರಿದ್ದರೆಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಇಷ್ಟು ಜನರನ್ನು ಹೊರಗಟ್ಟಿದರೆ ವ್ಯಾಪಾರ ನಿಂತುಹೋಗುತ್ತಿತ್ತು. ಸ್ಪೇನಿನ ಧರ್ಮವಿಚಾರಣೆಯನ್ನು ದ್ವೇಷಿಸಿ ದಂಗೆಯೆದ್ದ ಜನರು ತಾವೇ ಅಂಥ ವಿಚಾರಣೆಯನ್ನು ನಡೆಸಲು ಹಿಂಜರಿದರು. ಆದುದರಿಂದ ಒಂದು ವಿಚಿತ್ರವಾದ ಏರ್ಪಾಡು ಬೆಳೆಯಿತು. ಕಥೋಲಿಕ ಸಮುದಾಯವು ಸ್ಥಳೀಯ ದಂಡಾಧಿಕಾರಿಗೆ ವರ್ಷಕ್ಕಿಷ್ಟೆಂದು ಹಣ ತೆರುವುದು. ಅವನು ಕಣ್ಣು ಮುಚ್ಚಿಕೊಳ್ಳುವುದು. ಅಧಿಕಾರಿ ಬದಲಾದರೆ ಹೊಸ ಮಾತುಕತೆ, ಹೊಸ ದರ. ಇಂಥ ಸಹಿಷ್ಣುತೆ ಹಕ್ಕಾಗಿರಲಿಲ್ಲ. ಪ್ರತಿವರ್ಷವೂ ಕೊಂಡುಕೊಳ್ಳಬೇಕಾದ ಸರಕಾಗಿತ್ತು.

ಅಟ್ಟದ ಮೇಲಿನ ದೇವಾಲಯ

ಈ ಏರ್ಪಾಡಿನಿಂದ ಹುಟ್ಟಿದುವು ಡಚ್ ನಾಡಿನ ಗುಪ್ತ ದೇವಾಲಯಗಳು. ಆಮ್‌ಸ್ಟರ್‌ಡ್ಯಾಮಿನ ಹಳೆಯ ಕಾಲುವೆಯೊಂದರ ದಂಡೆಯಲ್ಲಿ ಯಾನ್ ಹಾರ್ಟ್‌ಮನ್ ಎಂಬ ಕಥೋಲಿಕ ವರ್ತಕನು 1661ರಲ್ಲಿ ಒಂದು ಮನೆಯನ್ನೂ ಅದರ ಬೆನ್ನಿಗಿದ್ದ ಎರಡು ಚಿಕ್ಕ ಮನೆಗಳನ್ನೂ ಕೊಂಡನು. ಮೂರೂ ಮನೆಗಳ ಮೇಲಂತಸ್ತುಗಳನ್ನು ಒಂದುಗೂಡಿಸಿ, ನಡುವಣ ನೆಲಗಳನ್ನು ಕತ್ತರಿಸಿ ತೆಗೆದು, ಸುತ್ತಲೂ ಮೇಲುಮೊಗಸಾಲೆಗಳುಳ್ಳ ಉದ್ದನೆಯ ದೇವಾಲಯವನ್ನು ನಿರ್ಮಿಸಿದನು. 1663ರಲ್ಲಿ ಅದು ಬಳಕೆಗೆ ಬಂತು. ಕೆಳಗೆ ಸಂಸಾರ ವಾಸಿಸುವ ಮನೆ, ಮೇಲೆ ಬಲಿಪೀಠ. ಭಕ್ತರು ಪಕ್ಕದ ಓಣಿಯ ಬಾಗಿಲಿನಿಂದ ಒಳಹೊಕ್ಕು ಇಕ್ಕಟ್ಟಾದ ಮೆಟ್ಟಲುಗಳನ್ನು ಹತ್ತಿ ಹೋಗುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ಹೊಸ ಬಲಿಪೀಠವನ್ನು ಸ್ಥಾಪಿಸಿ, ಯಾಕೋಬ್ ಡೆ ವಿಟ್ ಎಂಬ ಪ್ರಸಿದ್ಧ ಕಲಾವಿದನು ರಚಿಸಿದ ಯೇಸುಸ್ವಾಮಿಯ ದೀಕ್ಷಾಸ್ನಾನದ ಚಿತ್ರವನ್ನು ಇರಿಸಿದರು. ಸ್ಥಳ ಕಿರಿದಾದುದರಿಂದ ಪ್ರವಚನ ಪೀಠವನ್ನು ಬಲಿಪೀಠದ ಬದಿಯೊಳಗೆ ಮಡಿಸಿ ಸೇರಿಸುವಂತೆ ಮಾಡಿದ್ದರು. ಈ ಕಟ್ಟಡ ಇಂದಿಗೂ ಉಳಿದುಬಂದಿದೆ. 1888ರಿಂದ ಅದು ವಸ್ತುಸಂಗ್ರಹಾಲಯವಾಗಿದೆ.

ಗುಪ್ತ ದೇವಾಲಯವೆಂಬ ಹೆಸರಿದ್ದರೂ ಇವು ಗುಟ್ಟಾಗಿ ಉಳಿದಿರಲಿಲ್ಲ. ಭಾನುವಾರ ಬೆಳಗ್ಗೆ ಒಂದೇ ಮನೆಗೆ ನೂರಾರು ಜನ ಹೋಗಿಬರುವುದು ನೆರೆಯವರ ಕಣ್ಣಿಗೆ ಬೀಳದಿರುವುದುಂಟೆ? ನಗರಕ್ಕೆ ಎಲ್ಲವೂ ಗೊತ್ತಿತ್ತು. ಗೊತ್ತಿಲ್ಲದಂತೆ ನಟಿಸುವುದೇ ಅಲ್ಲಿಯ ನೀತಿಯಾಗಿತ್ತು. ದೇವಾಲಯಗಳಿಗೆ ಸಂತರ ಹೆಸರನ್ನು ಬಹಿರಂಗವಾಗಿ ಇಡುವಂತಿರಲಿಲ್ಲವಾದುದರಿಂದ ಜನರು ಆಯಾ ಮನೆಯ ಗುರುತಿನ ಹೆಸರನ್ನೇ ಬಳಸಿದರು. ಒಂದು 'ಗಿಳಿ', ಇನ್ನೊಂದು 'ಪಾರಿವಾಳ', ಮತ್ತೊಂದು 'ಮೋಶೆ ಮತ್ತು ಆರೋನ್'. ಈ ಹೆಸರುಗಳು ಆಮ್‌ಸ್ಟರ್‌ಡ್ಯಾಮಿನ ಚರ್ಚುಗಳಿಗೆ ಈಗಲೂ ಅಂಟಿಕೊಂಡಿವೆ. ಬೆಗೇನ್ ಸ್ತ್ರೀಯರ ಅಂಗಳದ ಹಳೆಯ ಪ್ರಾರ್ಥನಾಲಯವನ್ನು ನಗರಸಭೆಯು 1607ರಲ್ಲಿ ಇಂಗ್ಲಿಷ್ ಪ್ರಾಟೆಸ್ಟೆಂಟರಿಗೆ ಒಪ್ಪಿಸಿತು. ಆ ಸ್ತ್ರೀಯರು ಅದೇ ಅಂಗಳದಲ್ಲಿ, ಹೊರನೋಟಕ್ಕೆ ಚರ್ಚಿನಂತೆ ಕಾಣಕೂಡದೆಂಬ ನಿಬಂಧನೆಗೊಳಪಟ್ಟು, ಮನೆಗಳೊಳಗೆ ತಮ್ಮ ಹೊಸ ಪ್ರಾರ್ಥನಾಲಯವನ್ನು ಕಟ್ಟಿಕೊಂಡರು.

ಇಷ್ಟೆಲ್ಲ ನಿರ್ಬಂಧಗಳ ನಡುವೆ ವಿಶ್ವಾಸದ ದೀಪವನ್ನು ಆರದಂತೆ ಕಾಪಾಡಿದವರು ಯಾರು? ಧರ್ಮಾಧ್ಯಕ್ಷರಿಗೆ ಪೀಠಗಳಿರಲಿಲ್ಲ. 1592ರಲ್ಲಿ ಸಾಸ್‌ಬೌಟ್ ಫೋಸ್‌ಮೇರ್ ಅವರನ್ನು ಜಗದ್ಗುರುಗಳು ಪ್ರೇಷಿತ ಪ್ರತಿನಿಧಿಯನ್ನಾಗಿ ನೇಮಿಸಿದರು. ಅವರೂ ಅವರ ನಂತರ ಬಂದ ರೊವೇನಿಯಸ್ ಅವರೂ ದೇಶಭ್ರಷ್ಟತೆಯನ್ನು ಅನುಭವಿಸಿದವರು. ಗುರುಗಳು ಅಲ್ಪಸಂಖ್ಯಾತರು, ಊರಿಂದೂರಿಗೆ ವೇಷ ಮರೆಸಿಕೊಂಡು ಅಲೆಯುವವರು. ದಿನನಿತ್ಯದ ಭಾರವನ್ನು ಹೊತ್ತವರು ಸಾಮಾನ್ಯ ಜನರು, ಅದರಲ್ಲಿಯೂ ಸ್ತ್ರೀಯರು. ಮಠಗಳು ಮುಚ್ಚಿಹೋದ ನಾಡಿನಲ್ಲಿ ಮದುವೆಯಾಗದೆ ದೇವರಿಗೆ ಮುಡಿಪಾದ ಸಾವಿರಾರು ಕನ್ಯೆಯರು ತಮ್ಮ ತಮ್ಮ ಮನೆಗಳಲ್ಲಿದ್ದುಕೊಂಡೇ ಸೇವೆ ನಡೆಸಿದರು. ಮಕ್ಕಳಿಗೆ ಧರ್ಮೋಪದೇಶ ಕಲಿಸಿದವರು ಅವರು. ಪೂಜಾವಸ್ತ್ರಗಳನ್ನು ಹೊಲಿದು ಅಡಗಿಸಿಟ್ಟವರು ಅವರು. ಬಡವರನ್ನೂ ರೋಗಿಗಳನ್ನೂ ವಿಚಾರಿಸಿಕೊಂಡವರು ಅವರು. ಜನರು ಅವರನ್ನು 'ಕ್ಲಾಪ್' ಎಂದು ಕರೆದರು. ಕದ ತಟ್ಟುವುದೆಂಬ ಅರ್ಥದ ಮಾತು ಅದು. ಗುರುಗಳು ಬಂದಿದ್ದಾರೆಂಬ ಸುದ್ದಿಯನ್ನು ಮನೆಮನೆಯ ಕದ ತಟ್ಟಿ ಅವರು ತಿಳಿಸುತ್ತಿದ್ದುದರಿಂದ ಆ ಹೆಸರು ಬಂತೆಂಬ ವಿವರಣೆಯುಂಟು. ಗಂಟೆಗೆ ನಿಷೇಧವಿದ್ದ ನಾಡಿನಲ್ಲಿ ಈ ಸ್ತ್ರೀಯರೇ ಧರ್ಮಸಭೆಯ ಗಂಟೆಯಾದರು.

ಸಂಶಯದ ನೆರಳು

ಇಷ್ಟಾದರೂ ನೆರೆಹೊರೆಯ ಬಾಳು ಬಹುಮಟ್ಟಿಗೆ ನೆಮ್ಮದಿಯಿಂದ ಸಾಗಿತು. ಡಚ್ ಭಾಷೆಯ ಮಹಾಕವಿ ಫೊಂಡೆಲ್ ಸುಮಾರು 1641ರಲ್ಲಿ ಕಥೋಲಿಕ ಧರ್ಮವನ್ನು ಸ್ವೀಕರಿಸಿದನು. ಪ್ರಾಟೆಸ್ಟೆಂಟರು ಮುನಿಸಿಕೊಂಡರೂ ಅವನ ಕಾವ್ಯವನ್ನು ಕೈಬಿಡಲಿಲ್ಲ. ಚಿತ್ರಕಾರ ಯಾನ್ ಸ್ಟೇನ್ ಕಥೋಲಿಕ. ಪ್ರಾಟೆಸ್ಟೆಂಟ್ ಮನೆತನದಲ್ಲಿ ಹುಟ್ಟಿದ ವೆರ್ಮೀರ್ 1653ರಲ್ಲಿ ಕಥೋಲಿಕ ಕನ್ಯೆಯ ಕೈಹಿಡಿದನು. ಒಂದೇ ಅಂಗಡಿಯಲ್ಲಿ ಕೊಳ್ಳುವವರು, ಒಂದೇ ಕಾಲುವೆಯ ದಂಡೆಯಲ್ಲಿ ವಾಸಿಸುವವರು ಒಬ್ಬರನ್ನೊಬ್ಬರು ಬಲ್ಲರು.

ಆದರೆ ಗಡಿಯಾಚೆ ಯುದ್ಧದ ಸದ್ದು ಕೇಳಿದೊಡನೆ ಈ ಬಲ್ಲತನ ಮಾಯವಾಗುತ್ತಿತ್ತು. 1672ರಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದಂಡೆತ್ತಿ ಬಂದು ಯುಟ್ರೆಕ್ಟನ್ನು ಹಿಡಿದಾಗ ಅಲ್ಲಿಯ ಪುರಾತನ ಪ್ರಧಾನಾಲಯದಲ್ಲಿ ಮತ್ತೆ ಬಲಿಪೂಜೆ ನಡೆಯಿತು. ಕಥೋಲಿಕರು ಹರ್ಷಪಟ್ಟುದು ಸಹಜ. ಆದರೆ 1673ರಲ್ಲಿ ಫ್ರೆಂಚರು ಹಿಂತಿರುಗಿದೊಡನೆ ಪ್ರಧಾನಾಲಯ ಕೈಬಿಟ್ಟಿತು. ಪರರಾಜನ ಸೈನ್ಯದ ಜೊತೆ ಬಂದ ಸೌಭಾಗ್ಯ ಅದರ ಜೊತೆಗೇ ಹೋಯಿತು, ಸಂಶಯ ಮಾತ್ರ ಉಳಿಯಿತು. 1685ರಲ್ಲಿ ಅದೇ ಲೂಯಿ ತನ್ನ ರಾಜ್ಯದ ಪ್ರಾಟೆಸ್ಟೆಂಟರಿಗಿದ್ದ ರಕ್ಷಣೆಯನ್ನು ರದ್ದುಪಡಿಸಿದಾಗ ಸಾವಿರಾರು ನಿರಾಶ್ರಿತರು ಹಾಲೆಂಡಿಗೆ ಓಡಿಬಂದರು. ಅವರು ಹೇಳಿದ ಕಥೆಗಳು ಕಥೋಲಿಕರ ಮೇಲಣ ಭೀತಿಗೆ ಎಣ್ಣೆ ಎರೆದುವು. ಒಂದು ಕಡೆಯ ಹಿಂಸೆ ಇನ್ನೊಂದು ಕಡೆಯ ನಿರಪರಾಧಿಗಳಿಗೆ ಶಿಕ್ಷೆಯಾಗುವುದು ಹೀಗೆ.

ಈ ಭೀತಿ ಎಷ್ಟು ಆಧಾರವಿಲ್ಲದ್ದಾಗಬಹುದೆಂಬುದಕ್ಕೆ 1734ರ ಘಟನೆ ಸಾಕ್ಷಿ. ಆ ವರ್ಷ ಪರಮಪ್ರಸಾದದ ಹಬ್ಬವೂ ಸ್ನಾನಿಕ ಯೊವಾನ್ನರ ಹಬ್ಬವೂ ಜೂನ್ 24ರಂದು ಒಂದೇ ದಿನ ಬಿದ್ದುವು. ಆ ದಿನ ಕಥೋಲಿಕರು ಎದ್ದು ನಾಡನ್ನು ವಶಪಡಿಸಿಕೊಳ್ಳುವರೆಂಬ ವದಂತಿ ಪಟ್ಟಣದಿಂದ ಪಟ್ಟಣಕ್ಕೆ ಹಬ್ಬಿತು. ಜನರು ಭಯದಿಂದ ನಡುಗಿದರು. ದಿನ ಬಂತು, ದಿನ ಕಳೆಯಿತು, ಏನೂ ಆಗಲಿಲ್ಲ. ನೂರೈವತ್ತು ವರ್ಷ ಪಕ್ಕದ ಮನೆಯಲ್ಲಿ ಬಾಳಿದವರನ್ನು ಒಂದು ವದಂತಿಯ ಬಲದಿಂದ ಕೊಲೆಗಡುಕರೆಂದು ನಂಬಲು ಜನ ಸಿದ್ಧರಿದ್ದರೆಂಬುದೇ ಇಲ್ಲಿಯ ಪಾಠ. ಇಂಗ್ಲೆಂಡಿನಲ್ಲಿ ಇಂಥದೇ ಸುಳ್ಳು ಪ್ರಾಣಗಳನ್ನೇ ಬಲಿತೆಗೆದುಕೊಂಡಿತ್ತು. 1678ರಲ್ಲಿ ಟೈಟಸ್ ಓಟ್ಸ್ ಎಂಬವನು ಕಟ್ಟಿದ ಕಥೋಲಿಕ ಪಿತೂರಿಯ ಕಟ್ಟುಕಥೆಯ ಕೋಲಾಹಲದಲ್ಲಿ ಅನೇಕರು ಮಡಿದರು. ಆರ್ಮಾ ಮಹಾಧರ್ಮಾಧ್ಯಕ್ಷರಾದ ಸಂತ ಆಲಿವರ್ ಪ್ಲಂಕೆಟ್ 1681ರ ಜುಲೈ 1ರಂದು ಲಂಡನ್ನಿನಲ್ಲಿ ಗಲ್ಲಿಗೇರಿದರು.

ಕನ್ನಡ ಕರಾವಳಿಯ ನಂಟು

ಡಚ್ಚರು ತಮ್ಮ ನಾಡಿನಲ್ಲಿ ತೋರಿದ ಸಹನೆಯನ್ನು ಸಾಗರದಾಚೆಯಲ್ಲಿಯೂ ತೋರಿದರೆ? ಅವರ ಈಸ್ಟ್ ಇಂಡಿಯಾ ಕಂಪೆನಿಯು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನವನ್ನೂ ಪೋರ್ಚುಗೀಸರಿಂದ ಕಿತ್ತುಕೊಂಡಿತು. ಕಥೋಲಿಕ ಗುರುಗಳನ್ನು ಸಿಂಹಳದಿಂದ ಹೊರಗಟ್ಟಿ, ಅವರಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆಯೆಂದು ಸಾರಿತು. ಹಾರ್ಟ್‌ಮನ್ನನು ಆಮ್‌ಸ್ಟರ್‌ಡ್ಯಾಮಿನಲ್ಲಿ ಅಟ್ಟದ ಮೇಲೆ ಬಲಿಪೀಠ ಕಟ್ಟಿದ ದಿನಗಳಲ್ಲಿಯೇ, ಅದೇ ನಗರದ ವರ್ತಕರ ಕಂಪೆನಿಯು ಜಾಫ್ನದಲ್ಲಿ ಗುರುಗಳಿಗೆ ಗುಡಿಸಲಿನ ನೆರಳನ್ನೂ ನಿರಾಕರಿಸುತ್ತಿತ್ತು. ಕಾರಣ ಸ್ಪಷ್ಟ. ಅಲ್ಲಿ ಕಥೋಲಿಕನು ಗುರುತಿನ ನೆರೆಯವನು. ಇಲ್ಲಿ ಅವನು ಪೋರ್ಚುಗೀಸರ ಕಡೆಯವನೆಂಬ ಎಣಿಕೆ.

ಕಂಪೆನಿಯ ನೀತಿ ಎಲ್ಲೆಡೆಯೂ ಒಂದೇ ಆಗಿರಲಿಲ್ಲ. 1663ರಲ್ಲಿ ಕೊಚ್ಚಿಯನ್ನು ಗೆದ್ದಾಗ ಐರೋಪ್ಯ ಗುರುಗಳನ್ನು ಹೊರಹೋಗಲು ಆಜ್ಞಾಪಿಸಿದ ಡಚ್ಚರು, ಮಲಬಾರಿನಲ್ಲಿ ಇಟಲಿಯ ಕಾರ್ಮೆಲ್ ಸಭೆಯ ಮತ್ತಾಯ ಸ್ವಾಮಿಗಳ ಇರವನ್ನು ಸಹಿಸಿದರು. ಮಲಬಾರಿನ ಡಚ್ ಅಧಿಕಾರಿ ವಾನ್ ರೇಡೆಯು ಅಲ್ಲಿಯ ಗಿಡಮೂಲಿಕೆಗಳನ್ನು ಕುರಿತು ಕೈಗೊಂಡ 'ಹೊರ್ತುಸ್ ಮಲಬಾರಿಕುಸ್' ಎಂಬ ಮಹಾಗ್ರಂಥಕ್ಕೆ ಆರಂಭದಲ್ಲಿ ನೆರವಾದವರು ಈ ಸನ್ಯಾಸಿಗಳೇ. ಹನ್ನೆರಡು ಸಂಪುಟಗಳ ಆ ಗ್ರಂಥ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಮುಖಾಮುಖಿ ಪರಿಚಯವಾದಲ್ಲಿ ಸಂಶಯ ಕರಗಿತೆಂಬುದಕ್ಕೆ ಇದೂ ಒಂದು ದೃಷ್ಟಾಂತ.

ಸಿಂಹಳದ ಅನಾಥ ಕಥೋಲಿಕರ ಮೊರೆಗೆ ಓಗೊಟ್ಟವರು ನಮ್ಮ ಕರಾವಳಿಯ ಜನರಿಗೆ ಚಿರಪರಿಚಿತರಾದ ಸಂತ ಜೋಸೆಫ್ ವಾಜ್. 1651ರಲ್ಲಿ ಗೋವೆಯಲ್ಲಿ ಜನಿಸಿದ ಅವರು 1681ರಿಂದ 1684ರವರೆಗೆ ಕೆನರಾದಲ್ಲಿ ದುಡಿದರು. ಕೆಳದಿಯ ರಾಣಿ ಚೆನ್ನಮ್ಮಾಜಿ ಆಳುತ್ತಿದ್ದ ಕಾಲವದು. ಮಂಗಳೂರು, ಬಸ್ರೂರು, ಗಂಗೊಳ್ಳಿಗಳ ವಿಶ್ವಾಸಿಗಳನ್ನು ಅವರು ಒಗ್ಗೂಡಿಸಿದರು. ಮುಡಿಪುವಿನ ಗುಡ್ಡದ ಮೇಲಣ ಪುಣ್ಯಕ್ಷೇತ್ರ ಅವರ ನೆನಪನ್ನು ಇಂದಿಗೂ ಹಸಿರಾಗಿರಿಸಿದೆ. 1687ರಲ್ಲಿ ಅವರು ಕೂಲಿಯಾಳಿನ ವೇಷದಲ್ಲಿ ಜಾಫ್ನಕ್ಕೆ ಕಾಲಿಟ್ಟರು. ದಾರಿಯಲ್ಲಿ ರೋಗಕ್ಕೆ ತುತ್ತಾಗಿ ಸಾವಿನ ಬಾಗಿಲಿಗೆ ಹೋಗಿ ಬದುಕಿದ್ದರು. ಕೊರಳಲ್ಲಿ ಜಪಸರ ಧರಿಸಿ ಮನೆಮನೆಗೆ ಭಿಕ್ಷೆಗೆ ಹೋಗಿ, ಅದನ್ನು ಕಂಡು ಯಾರ ಮುಖ ಅರಳುವುದೋ ಅವರೇ ಕಥೋಲಿಕರೆಂದು ಗುರುತಿಸಿದರು. ರಾತ್ರಿಯ ವೇಳೆ ಮನೆಗಳಲ್ಲಿ ಪೂಜೆ ಅರ್ಪಿಸಿದರು. 1689ರ ಕ್ರಿಸ್ತಜಯಂತಿಯ ರಾತ್ರಿ ಡಚ್ ಸೈನಿಕರು ಪೂಜೆಗೆ ನೆರೆದಿದ್ದವರ ಮೇಲೆ ಬಿದ್ದು ಅನೇಕರನ್ನು ಸೆರೆಹಿಡಿದರು. ವಾಜ್ ಸ್ವಾಮಿಗಳು ಅವರ ಕೈಗೆ ಸಿಗಲಿಲ್ಲ.

1692ರಲ್ಲಿ ಅವರು ಕ್ಯಾಂಡಿ ರಾಜ್ಯವನ್ನು ಹೊಕ್ಕಾಗ ಅಲ್ಲಿಯೂ ಪೋರ್ಚುಗೀಸರ ಗೂಢಚಾರನೆಂಬ ಆರೋಪದ ಮೇಲೆ ಅವರನ್ನು ಸೆರೆಯಲ್ಲಿಟ್ಟರು. ಆದರೆ ಅಲ್ಲಿಯ ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರ್ಯನು ಅವರ ನಡತೆಯನ್ನು ಕಣ್ಣಾರೆ ಕಂಡು ಸಂಶಯವನ್ನು ಬಿಟ್ಟನು. 1697ರಲ್ಲಿ ಸಿಡುಬು ಹಬ್ಬಿ ಜನರು ರೋಗಿಗಳನ್ನು ತೊರೆದು ಓಡಿದಾಗ ವಾಜ್ ಸ್ವಾಮಿಗಳು ಯಾವ ಮತದವರೆಂದು ನೋಡದೆ ಎಲ್ಲರ ಶುಶ್ರೂಷೆ ಮಾಡಿದರು. ಕ್ರೈಸ್ತರಾದ ಡಚ್ಚರು ಅಟ್ಟಿದ ಗುರುವಿಗೆ ಬೌದ್ಧ ಅರಸ ನೆಲೆಕೊಟ್ಟನು. 1711ರ ಜನವರಿ 16ರಂದು ಅವರು ಕ್ಯಾಂಡಿಯಲ್ಲಿ ದೈವಾಧೀನರಾದರು. 2015ರ ಜನವರಿ 14ರಂದು ಫ್ರಾನ್ಸಿಸ್ ಜಗದ್ಗುರುಗಳು ಕೊಲಂಬೊ ನಗರದಲ್ಲಿಯೇ ಅವರನ್ನು ಸಂತರೆಂದು ಘೋಷಿಸಿದರು.

ಬಾಗಿಲು ತೆರೆದಾಗ

ಹಾಲೆಂಡಿನಲ್ಲಿ ಹಳೆಯ ಗಣರಾಜ್ಯ 1795ರಲ್ಲಿ ಕುಸಿಯಿತು. ಮರುವರ್ಷ ಅಲ್ಲಿಯ ರಾಷ್ಟ್ರಸಭೆಯು ಧರ್ಮವನ್ನೂ ರಾಜ್ಯವನ್ನೂ ಬೇರ್ಪಡಿಸಿತು. ಕಥೋಲಿಕರು ಕಾನೂನಿನಲ್ಲಿ ಸರಿಸಮಾನರಾದರು. ಆದರೂ ಮನಸ್ಸಿನ ಕದಗಳು ಬೇಗನೆ ತೆರೆಯಲಿಲ್ಲ. 1853ರಲ್ಲಿ ಧರ್ಮಾಧ್ಯಕ್ಷರ ಪೀಠಗಳು ಪುನಃ ಸ್ಥಾಪನೆಯಾದಾಗ ಪ್ರಾಟೆಸ್ಟೆಂಟರ ಪ್ರತಿಭಟನೆ ಎಷ್ಟು ತೀವ್ರವಾಯಿತೆಂದರೆ ಸರ್ಕಾರವೇ ಉರುಳಿತು. 1848ರ ಸಂವಿಧಾನವು ಬಹಿರಂಗ ಮೆರವಣಿಗೆಗಳ ಮೇಲೆ ವಿಧಿಸಿದ್ದ ನಿರ್ಬಂಧವನ್ನು 1983ರ ಸಂವಿಧಾನದಲ್ಲಿ ಕೈಬಿಡಲಾಯಿತು. ಆ ನಿರ್ಬಂಧದ ನಡುವೆಯೇ 1881ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಭಕ್ತರು ಒಂದು ಉಪಾಯ ಕಂಡುಕೊಂಡರು. 1345ರಲ್ಲಿ ಆ ನಗರದಲ್ಲಿ ನಡೆದ ಪರಮಪ್ರಸಾದದ ಪವಾಡವನ್ನು ಸ್ಮರಿಸಲು ಪತಾಕೆಯಿಲ್ಲದೆ, ದೀಪವಿಲ್ಲದೆ, ಗೀತೆಯಿಲ್ಲದೆ, ಹಳೆಯ ಮೆರವಣಿಗೆಯ ಹಾದಿಯಲ್ಲಿ ಮೌನವಾಗಿ ನಡೆದರು. ಮೌನವನ್ನು ನಿಷೇಧಿಸುವ ಕಾನೂನು ಯಾವ ನಾಡಿನಲ್ಲಿದೆ? ನಿರ್ಬಂಧ ತೊಲಗಿದ ಮೇಲೂ ಆ ಮೌನ ಯಾತ್ರೆ ಪ್ರತಿವರ್ಷ ಮಾರ್ಚ್ ತಿಂಗಳಲ್ಲಿ ರಾತ್ರಿಯ ವೇಳೆ ನಡೆದುಬಂದಿದೆ.

ಪ್ರಿಯ ಬಾಂಧವರೇ, ಈ ಚರಿತ್ರೆಯಿಂದ ನಾವು ಗ್ರಹಿಸಬೇಕಾದುದೇನು? ಮೊದಲನೆಯದಾಗಿ, ಕಣ್ಣುಮುಚ್ಚಿ ಸಹಿಸುವುದು ಬೇರೆ, ಹಕ್ಕೆಂದು ಮನ್ನಿಸುವುದು ಬೇರೆ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 25ನೆಯ ವಿಧಿಯು ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯವನ್ನು ಎಲ್ಲರಿಗೂ ಹಕ್ಕಾಗಿ ನೀಡಿದೆ. ಡಚ್ ಕಥೋಲಿಕನು ಹಣ ತೆತ್ತು ಪಡೆದುದಕ್ಕಿಂತ ಇದು ಎಷ್ಟೋ ಹಿರಿದು. ಎರಡನೆಯದಾಗಿ, ಧರ್ಮದ ಹೆಸರಿನಲ್ಲಿ ಬಲಾತ್ಕಾರ ನಡೆಸಿದ ದೋಷದಿಂದ ಯಾವ ಪಂಗಡವೂ ಮುಕ್ತವಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಡಿಸೆಂಬರ್ 7ರಂದು ಧಾರ್ಮಿಕ ಸ್ವಾತಂತ್ರ್ಯವು ಮಾನವನ ಘನತೆಗೆ ಸೇರಿದ ಹಕ್ಕೆಂದು ಘೋಷಿಸಿತು. ನಮಗಾಗಿ ಬೇಡುವ ಹಕ್ಕನ್ನು ಇತರರಿಗೂ ಸಲ್ಲಿಸಬೇಕೆಂಬುದು ಅದರ ತಿರುಳು. ಮೂರನೆಯದಾಗಿ, ಸಂಶಯವನ್ನು ಕೊನೆಗೊಳಿಸಿದುದು ವಾದವಲ್ಲ, ಪರಿಚಯ. ಕ್ಯಾಂಡಿಯ ಅರಸನ ಮನಸ್ಸನ್ನು ತಿರುಗಿಸಿದುದು ವಾಜ್ ಸ್ವಾಮಿಗಳ ನಡತೆ. ಆಮ್‌ಸ್ಟರ್‌ಡ್ಯಾಮಿನ ಅಟ್ಟದ ದೇವಾಲಯವನ್ನು ಕಾಪಾಡಿದುದು ಕಂಡೂ ಕಾಣದಂತಿದ್ದ ನೆರೆಯವರ ಸೌಜನ್ಯ.

ನಮ್ಮ ದೇವಾಲಯಕ್ಕೆ ಬೀದಿಯ ಕಡೆಗೆ ಅಗಲವಾದ ಬಾಗಿಲಿದೆ. ಅದು ಹೊರಗಿನಿಂದ ಒಳಕ್ಕೆ ಬರುವವರಿಗೆ ಮಾತ್ರವಲ್ಲ, ಒಳಗಿನಿಂದ ಹೊರಕ್ಕೆ, ನೆರೆಯವರ ಅಂಗಳಕ್ಕೆ, ಅವರ ಕಷ್ಟಸುಖಗಳೆಡೆಗೆ ಹೋಗುವವರಿಗೂ ತೆರೆದಿರಲಿ. ಎರಡನೆಯ ಶತಮಾನಕ್ಕೆ ಕಾಲಿಡುವ ಈ ಧರ್ಮಕೇಂದ್ರದಿಂದ ಊರು ನಿರೀಕ್ಷಿಸುವ ಸೇವೆ ಅದೇ ಎಂದು ನಾವು ನಂಬಿದ್ದೇವೆ.